ಸಗರದಿಂದ ಬಂದ ಬುತ್ತಿ

ಕೋವಿಡ್ ವಾರ್ಡುಗಳು ಮತ್ತೆ ಮಾಮೂಲಿ ವಾರ್ಡುಗಳಾದ ವರ್ಷ ನಾನು ಯಾದಗಿರಿಯ ಆಸ್ಪತ್ರೆಯೊಂದಕ್ಕೆ ಡಯಟೀಷಿಯನ್ ಆಗಿ ಬಂದೆ. ಅದಕ್ಕೂ ಮೊದಲು ಹೈದರಾಬಾದಿನಲ್ಲಿ ಈಟಿಂಗ್ ಡಿಸಾರ್ಡರ್ ವಿಭಾಗದಲ್ಲಿದ್ದೆ. ಊಟದ ಭಯವೇ ರೋಗವಾದವರಿಗೆ ಅಲ್ಲಿ ಚಿಕಿತ್ಸೆ. ಇಲ್ಲಿನ ಫಿಜಿಷಿಯನ್ ಮೊದಲ ದಿನವೇ ನನ್ನ ಕಾಲೆಳೆದರು: "ಅದು ದೊಡ್ಡ ಶಹರದ ರೋಗ ಅದರಿ ಮೇಡಂ. ನೀವು ಶುಗರ್ ಪೇಷಂಟ್‌ಗಳಿಗಿ ಅನ್ನ ಬಿಡಸ್ರಿ, ಸಾಕು." ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅಂದು ನುಂಗಿಕೊಂಡೆ.

ಶ್ರಾವಣ ಕಳೆದ ಮೇಲೆ ಶಹಾಪುರದಿಂದ ಅಂಬಿಕಾ ಬಂದಳು. ಪಿಯುಸಿ ಹುಡುಗಿ, ಕಾಲೇಜಿನಲ್ಲಿ ತಲೆ ತಿರುಗಿ ಬಿದ್ದಿದ್ದಳು. ಕೈ ಹಿಡಿದರೆ ಮೂಳೆಯೇ ಸಿಗುತ್ತಿತ್ತು. ತಂದೆ ಕಚೇರಿಯೊಂದರಲ್ಲಿ ಗುಮಾಸ್ತರು. "ಅಕಿಗಿ ದೇವರ ಮ್ಯಾಗ ಭಕ್ತಿ ಭಾಳರಿ. ಸೋಮವಾರ ಒಪ್ಪತ್ತು, ಗುರುವಾರ ಒಪ್ಪತ್ತು, ಶನಿವಾರ ಒಪ್ಪತ್ತು," ಎಂದರು. ದಿನಕ್ಕೆ ಒಂದೇ ಊಟ ಮಾಡುವ ಆ ವ್ರತದ ಬಗ್ಗೆ ಅವರ ದನಿಯಲ್ಲಿ ಹೆಮ್ಮೆಯಿತ್ತು.

ಅವರನ್ನು ಹೊರಗೆ ಕಳಿಸಿ ಹುಡುಗಿಯ ಪಕ್ಕ ಕೂತೆ. ಆ ಒಂದು ಊಟವನ್ನಾದರೂ ಮಾಡುತ್ತೀಯಾ ಎಂದು ಕೇಳಿದೆ. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಒಪ್ಪತ್ತು ಅಂದ್ರ ಯಾರೂ ಉಣ್ಣು ಅನ್ನಂಗಿಲ್ರಿ," ಎಂದಳು.

ವ್ರತ ಬರೀ ನೆಪವಾಗಿತ್ತು. ಕಲಬುರಗಿಯ ಮನೋವೈದ್ಯರೊಂದಿಗೆ ಫೋನಿನಲ್ಲಿ ಮಾತಾಡಿದೆವು. ಅವರೂ ಅದೇ ಊಟದ ಭಯದ ರೋಗ ಎಂದರು. ಫಿಜಿಷಿಯನ್ ಮತ್ತೆ ತಮಾಷೆ ಮಾಡಲಿಲ್ಲ.

ಹೊರಗಿನವರಿಗೆ ಅರ್ಥವಾಗದ ಒಂದು ಸಂಗತಿ ಇಲ್ಲಿದೆ. ತಿಂಗಳುಗಟ್ಟಲೆ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬ ಕೊಟ್ಟರೆ, ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಪೊಟ್ಯಾಶಿಯಂ ಜೀವಕೋಶಗಳ ಒಳಗೆ ಹೋಗಿಬಿಡುತ್ತವೆ. ಹೃದಯದ ಬಡಿತ ತಪ್ಪಬಹುದು, ನಿಂತೂ ಹೋಗಬಹುದು. ಇದಕ್ಕೆ ರಿಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಹಾಗಾಗಿ ನಾನು ಅಳೆದು ಕಳಿಸಿದ ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಎಂದು ತಂದೆಗೆ ಹೇಳಿದೆ. ಅಂಬಿಕಾ ಆ ಗಂಜಿಗೂ ಬಾಯಿ ತೆರೆಯಲಿಲ್ಲ. ಊರಿಗೆ ಮುಟ್ಟಿದ ಸುದ್ದಿ ಒಂದೇ: ಹುಡುಗಿ ಉಂಡಿಲ್ಲ.

ಇಲ್ಲಿ ಬರಿಗೈಯಲ್ಲಿ ಆಸ್ಪತ್ರೆಗೆ ಹೋಗುವವರು ಯಾರೂ ಇಲ್ಲ. ಭಾನುವಾರ ಮಧ್ಯಾಹ್ನ ಶಹಾಪುರದ ಹತ್ತಿರದ ಸಗರದಿಂದ ಅಂಬಿಕಾಳ ಅಜ್ಜಿ ನಾಗಮ್ಮ ಬುತ್ತಿ ಕಟ್ಟಿಕೊಂಡು ಬಂದರು. ನಾನು ವಾರ್ಡಿಗೆ ಕಾಲಿಟ್ಟಾಗ ಅಂಬಿಕಾ ಅವರ ಕೈಯಿಂದ ತುಪ್ಪ ಸುರಿದ ಶೇಂಗಾ ಹೋಳಿಗೆ ತಿನ್ನುತ್ತಿದ್ದಳು. ಒಂದು ಮುಗಿದಿತ್ತು, ಎರಡನೆಯದು ಬಾಯಲ್ಲಿತ್ತು. ಪಕ್ಕದಲ್ಲಿ ಅವಳ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇಡೀ ವಾರ್ಡಿನಲ್ಲಿ ಹೆದರಿದವಳು ನಾನೊಬ್ಬಳೇ. ಓಡಿಹೋಗಿ ತಟ್ಟೆ ಕಿತ್ತುಕೊಂಡೆ.

"ಹಸದ ಕೂಸಿನ ಬಾಯಾಗಿನ ತುತ್ತು ಕಸಗೊಂತಿಯಲ್ಲ, ನೀ ಹೆಣ್ಮಗಳೇನು?" ಎಂದು ಅಜ್ಜಿ ಗುಡುಗಿದರು.

ಪಕ್ಕದ ಹಾಸಿಗೆಯವರೂ ನನ್ನನ್ನು ಬೈದರು. ರಕ್ತ ತೆಗೆಸಿ, ಮಾನಿಟರ್ ಹಚ್ಚಿಸಿ ಕಾದೆವು. ಸಂಜೆಯಾಗುತ್ತ ಅಂಬಿಕಾಳ ಕೈ ನಡುಗತೊಡಗಿತು, ಮಾನಿಟರಿನ ಗೆರೆ ಏರುಪೇರಾಯಿತು. ಫಾಸ್ಫೇಟ್ ಪಾತಾಳಕ್ಕಿಳಿದಿತ್ತು. ಡ್ರಿಪ್ಪಿನಲ್ಲಿ ಫಾಸ್ಫೇಟ್ ಏರಿಸಿದರು. ನಾನು ದೇವರನ್ನು ಅಷ್ಟಾಗಿ ನೆನೆಯುವವಳಲ್ಲ, ಅಂದು ನೆನೆದೆ. ನಡುರಾತ್ರಿ ದಾಟುವ ಹೊತ್ತಿಗೆ ಬಡಿತ ಹದಕ್ಕೆ ಬಂತು. ಫಿಜಿಷಿಯನ್ ಕುರ್ಚಿಯಲ್ಲಿ ಕುಸಿದು ನೀರು ಕೇಳಿದರು.

ಮರುದಿನ ನಾಗಮ್ಮ ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದರು. ಒಳಗೆ ಬರಲು ಒಲ್ಲೆ ಎಂದರು.

"ನನ್ನ ಕೈಲಿಂದನ ಅಕಿ ಸಾಯ್ತಿದ್ಳೇನ್ರಿ?"

ಸುಳ್ಳು ಹೇಳುವುದು ನನಗಾಗಲಿಲ್ಲ. "ಹೌದು ಆಯಿ. ಆದ್ರ ನಮ್ಮ ಕೈಲೆ ಅಕಿ ಬಾಯೇ ತಗೀಲಿಲ್ಲ. ನಿಮಗ ತಗದಾಳ," ಎಂದೆ. ಚಮಚ ಅವರ ಕೈಗೆ ಕೊಟ್ಟೆ. "ಗಂಜಿ ನಾ ಅಳದು ಕೊಡ್ತೀನಿ, ಉಣಸೋರು ನೀವು. ಒಂದು ಚಮಚಾನೂ ಜಾಸ್ತಿ ಇಲ್ಲ."

ಅಂಬಿಕಾ ಕೆಲವೊಮ್ಮೆ ಉಂಡಳು, ಕೆಲವೊಮ್ಮೆ ಅತ್ತು ಮುಖ ತಿರುಗಿಸಿದಳು. ನಾಗಮ್ಮ ಚಮಚ ಹಿಡಿದು ಕದಲದೆ ಕೂತಿರುತ್ತಿದ್ದರು. ಆ ವಾರದ ಕೊನೆಯಲ್ಲೊಂದು ಬೆಳಿಗ್ಗೆ ಬಟ್ಟಲು ಖಾಲಿಯಾದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು: "ಆಯಿ, ಇನ್ನಷ್ಟು ಕೊಡು."

ಆ ಮಾತಿಗಾಗಿ ನಾವೆಲ್ಲ ಹಂಬಲಿಸಿದ್ದೆವು. ಅಂದಿನ ರಕ್ತದ ವರದಿ ಇನ್ನೂ ಬಂದಿರಲಿಲ್ಲ. ನಾಗಮ್ಮ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿ ಬೇಡವೆಂದೆ. ಅಜ್ಜಿ ಚಮಚವನ್ನು ಬಟ್ಟಲಲ್ಲಿಟ್ಟರು.

"ಈಗ ಬ್ಯಾಡವ್ವಾ. ಮಧ್ಯಾಹ್ನ ಕೊಡ್ತೀನಿ. ನಾ ಎಲ್ಲೂ ಹೋಗಂಗಿಲ್ಲ."

ಅಂಬಿಕಾ ಸಂಪೂರ್ಣ ಗುಣವಾಗಲು ಕಲಬುರಗಿಯ ವೈದ್ಯರ ಬಳಿ ಬಹಳ ಕಾಲ ಓಡಾಡಬೇಕಾಯಿತು. ಯಾರಿಗೆ ಏನು ಬಡಿಸಬೇಕೆಂಬುದನ್ನು ನಾನು ಕಾಲೇಜಿನಲ್ಲಿ ಕಲಿತೆ. ಬಡಿಸುವ ಕೈಯನ್ನು ಪ್ರೀತಿಯಿಂದಲೇ ತಡೆಹಿಡಿಯುವುದನ್ನು ಈ ಕೆಲಸ ಕಲಿಸಿತು. ಅವಳು ಇನ್ನಷ್ಟು ಕೇಳಿದ ಆ ದಿನ ವರದಿ ಚೆನ್ನಾಗಿ ಬಂತು. ಮಧ್ಯಾಹ್ನ ನಾನು ಹೋಗುವಷ್ಟರಲ್ಲಿ ಅಂಬಿಕಾ ಎದ್ದು ಕೂತು, ಬಟ್ಟಲನ್ನು ತಾನೇ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು.