ಸುಣ್ಣದ ಗೆರೆ

ಒಂದೂ ಪಂದ್ಯ ನೋಡದ ಪ್ರಿನ್ಸಿಪಾಲರ ಕೊರಳಿಗೆ ಅಂದು ಹಾರ ಬಿದ್ದದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಐವತ್ತರ ದಶಕದ ಮುಂಬಯಿಯಲ್ಲಿ ನಮ್ಮ ಕಾಲೇಜಿನ ಮಣ್ಣಿನ ಬಾಸ್ಕೆಟ್‌ಬಾಲ್ ಕೋರ್ಟಿಗೆ ದಿನಾ ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆಯುತ್ತಿದ್ದವರು ವಿಜಾಪುರದ ಕಡೆಯ ಜವಾನರೊಬ್ಬರು. ಎಳೆದ ಮೇಲೆ ಒಂದು ಕಣ್ಣು ಮುಚ್ಚಿ ನೋಡಿ, "ಗೆರಿ ಸೀದಾ ಇರಬೇಕ್ರಿ" ಎನ್ನುತ್ತಿದ್ದರು. ಆ ವರ್ಷ ನಾವು ಒಂದು ಪಂದ್ಯವನ್ನೂ ಸೋಲಲಿಲ್ಲ.

ಸನ್ಮಾನದ ದಿನ, ಜನ ಒಳಗೆ ನುಗ್ಗದಂತೆ ಅವರಿಂದಲೇ ಒಂದು ಗೆರೆ ಎಳೆಸಿದರು. ಎಳೆದು ಮುಗಿಸಿ ನಮ್ಮ ಪಕ್ಕ ನಿಲ್ಲಲು ಬಂದವರಿಗೆ ಪ್ರಿನ್ಸಿಪಾಲರು ಗೆರೆಯಾಚೆ ಬೆರಳು ತೋರಿಸಿ, "ತೂ ಭೀ ಉಧರ್" ಎಂದರು. ಜವಾನರು ಸುಣ್ಣ ತುಳಿಯದಂತೆ ಕಾಲೆತ್ತಿ ದಾಟಿ, ಆಚೆ ಹೋಗಿ ನಿಂತರು.

ಆಮೇಲೆ ಪ್ರಿನ್ಸಿಪಾಲರ ಭಾಷಣಕ್ಕೆ ನಾವು ಹತ್ತು ಮಂದಿ ಆಟಗಾರರು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.