ನಾನೂರ ಹನ್ನೆರಡನೇ ತೂತು

ಬೆಳಗಿನ ಆರು ಗಂಟೆ. ಬೆಟ್ಟದ ತುದಿಯಲ್ಲಿ ದೂರದರ್ಶಕದ ಗುಮ್ಮಟ ಮುಚ್ಚಿದೆ, ವಿಜ್ಞಾನಿಗಳು ಆಕಳಿಸುತ್ತಾ ಮಲಗಲು ಹೊರಟಿದ್ದಾರೆ. ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಎಳೆಯಕ್ಕನ ಕೆಲಸ ಈಗ ಶುರು. ಮುಂದೆ ಮೇಜಿನಗಲದ ಅಲ್ಯುಮಿನಿಯಂ ತಟ್ಟೆ, ಅದರಲ್ಲಿ ಆರುನೂರು ತೂತು. ಒಂದೊಂದಕ್ಕೂ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಪೋಣಿಸಿ, ಭೂತಗನ್ನಡಿ ಹಿಡಿದು ನೋಡುತ್ತಾರೆ. ಒಂದು ತೂತು ಆಕಾಶದ ಒಂದು ಚುಕ್ಕಿಗೆ. ರಾತ್ರಿ ಅದರ ಬೆಳಕು ಈ ಎಳೆಯೊಳಗೆ ಇಳಿದು ಬೆಳಕನ್ನು ಅಳೆಯುವ ಯಂತ್ರ ಸೇರುತ್ತದೆ.

ಹೆಸರು ಕೇಳಿ ಮೋಸ ಹೋಗಬೇಡಿ. ವಯಸ್ಸು ಐವತ್ತೆಂಟು, ಎಳೆತನ ಮುಗಿದು ಎಷ್ಟೋ ಕಾಲವಾಯಿತು. ಎಳೆ ಪೋಣಿಸುವ ಅಕ್ಕ, ಅಷ್ಟೇ. ಇಪ್ಪತ್ತೆರಡು ವರ್ಷದ ಕೆಲಸ. ಮೊದಲು ದಿನಕ್ಕೆ ಐದು ತಟ್ಟೆ, ಈಗ ಎರಡೇ. ಆಕಾಶದಲ್ಲಿ ಹೊಸದೇನೋ ಸಿಕ್ಕಿತೆಂದು ಪತ್ರಿಕೆಯಲ್ಲಿ ಬಂದಾಗಲೆಲ್ಲ ದೊಡ್ಡವರ ಫೋಟೊ ಇರುತ್ತದೆ. ಈ ಬೆರಳುಗಳ ಮಾತು ಎತ್ತಿದವರಿಲ್ಲ.

"ಮೊದ್ಲು ಇದಕ್ಕೆ ಕಣ್ಣೇ ಬೇಕಿರ್ಲಿಲ್ಲ ಕಣ್ರೀ. ಎಳೆ ಸರಿಯಾಗಿ ಕೂತ್ರೆ ಬೆರಳಿಗೆ ಟಕ್ ಅಂತ ಗೊತ್ತಾಗ್ತಿತ್ತು" ಎನ್ನುತ್ತಾರೆ ಎಳೆಯಕ್ಕ.

ಸಕ್ಕರೆ ಕಾಯಿಲೆ ಬೆರಳ ತುದಿಗೆ ಜೋಮು ಹಿಡಿಸಿದೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆಂದು ವರ್ಷವಿಡೀ ಯಾರಿಗೂ ಹೇಳಲಿಲ್ಲ, ಕಟ್ಟಿಕೊಂಡ ಗಂಡನಿಗೂ.

ಕಳೆದ ಚಳಿಗಾಲ ಒಂದು ತಟ್ಟೆಯ ನಾನೂರ ಹನ್ನೆರಡನೇ ತೂತಿನಲ್ಲಿ ಎಳೆ ಪೂರ್ತಿ ಕೂರಲಿಲ್ಲ. ಅದು ಮಸುಕಾದ ಕೆಂಪು ಚುಕ್ಕಿಯೊಂದರ ತೂತು. ಅತಿ ದೂರದ ಕ್ವೇಸಾರ್ ಇರಬಹುದು, ಅಂದರೆ ದೈತ್ಯ ಕಪ್ಪುಕುಳಿಯ ಸುತ್ತ ಉರಿಯುವ ಅನಿಲದ ಬೆಳಕು ಇರಬಹುದೆಂದು ಖಗೋಳ ವಿಜ್ಞಾನಿ ಮೇಡಂ ಅದನ್ನು ನೋಡುವ ರಾತ್ರಿಗಾಗಿ ಮೂರು ವರ್ಷ ಕಾದಿದ್ದರು. ಬಂದದ್ದು ಬರೀ ಕತ್ತಲು. ಎಳೆಯಕ್ಕ ತಾವೇ ಹೋಗಿ ತಪ್ಪನ್ನೂ ಬೆರಳಿನ ವಿಷಯವನ್ನೂ ಒಪ್ಪಿಕೊಂಡರು.

"ಮೇಡಂ ಬೈಲಿಲ್ಲ, ಕೆಲಸದಿಂದ ತೆಗೆಸ್ಲೂ ಇಲ್ಲ. ಬೈದಿದ್ರೇ ಚೆನ್ನಾಗಿತ್ತು. 'ಸಾವಿರದ ಮುನ್ನೂರು ಕೋಟಿ ವರ್ಷ ದಾರಿ ನಡೆದು ಬಂದಿತ್ತು ಅಕ್ಕಾ' ಅಂದ್ರು."

ತಿಂಗಳ ಕೊನೆಗೆ ಎಳೆಗಳನ್ನು ತಾನೇ ಕೂರಿಸುವ ಯಂತ್ರ ಬರುತ್ತಿದೆ. ಅದರ ಪಟ್ಟಿಯಲ್ಲಿರುವುದು ಆಕಾಶದ ಬೇರೆ ಭಾಗ. ಆ ಚುಕ್ಕಿಗೆ ಮತ್ತೆ ಸರದಿಯಿಲ್ಲ. ತಮಗಾಗಿ ಒಂದು ರಜೆಯ ಅರ್ಜಿ ಬರೆಯಲೂ ಹಿಂದೆ ಮುಂದೆ ನೋಡುವ ಎಳೆಯಕ್ಕ ಆ ಚುಕ್ಕಿಯನ್ನು ಇನ್ನೊಮ್ಮೆ ನೋಡಿ ಎಂದು ಮೂರು ಸಲ ಬರೆದುಕೊಟ್ಟಿದ್ದಾರೆ. ಉತ್ತರವಿಲ್ಲ.

"ನನ್ನ ಕೈಯಲ್ಲೇ ಆಗ್ಬೇಕು ಅಂತೇನಿಲ್ಲ, ಯಂತ್ರಾನೇ ಮಾಡ್ಲಿ" ಎನ್ನುತ್ತಾರೆ. "ಆ ಬೆಳಕು ಇವತ್ತೂ ಬರ್ತಾನೇ ಇದೆಯಂತೆ. ಅಷ್ಟು ದೂರದಿಂದ ಬಾಗಿಲಿಗೆ ಬಂದಿದ್ದನ್ನ ಇಸ್ಕೊಳ್ಳೋಕೆ ಯಾರಾದ್ರೂ ಒಬ್ರು ಇರ್ಬೇಕಲ್ವಾ?"