ಗೋಡೆಯೊಳಗಿನ ಬಶಿಗಳು

ಬೀದರದ ನಮ್ಮ ಗಲ್ಲಿಯಲ್ಲಿ ಯಾರ ಮನೆಯ ಕಪ್ಪೋ ಬಶಿಯೋ ಒಡೆದರೂ ಪಕ್ಕದ ಮನೆಯ ಖಾಲಾಗೆ ಹೇಗೋ ಕೇಳಿಸುತ್ತಿತ್ತು. ಬಾಗಿಲಿಗೆ ಬಂದು ಸೆರಗೊಡ್ಡಿ, "ಒಗೀಬ್ಯಾಡ್ರಿ, ನನಗ ಕೊಡ್ರಿ" ಅನ್ನುತ್ತಿದ್ದರು. ಮಕ್ಕಳಾದ ನಮಗೆಲ್ಲ ಅವರು ಖಾಲಾ, ಅಂದರೆ ದೊಡ್ಡಮ್ಮ; ನಮ್ಮ ಅವ್ವನಿಗೆ ಆಪಾ, ಅಂದರೆ ಅಕ್ಕ.

ಯಾರೋ ನೆಂಟರು ಕಳಿಸಿದ ಸ್ಪೇನ್ ದೇಶದ ಮನೆಯೊಂದರ ಚಿತ್ರ ಅವರ ಬಳಿ ಇತ್ತು. ಸುಣ್ಣದ ಕಮಾನು, ಅಂಗಳದ ಗೋಡೆಯ ತುಂಬ ಬಣ್ಣದ ಪಿಂಗಾಣಿ ಬಿಲ್ಲೆಗಳು. "ಸುಣ್ಣ ನಮ್ಮಲ್ಲೂ ಅದ, ಕಮಾನೂ ಅದ. ಬಣ್ಣದ ಬಿಲ್ಲಿ ಅಷ್ಟ ಇಲ್ಲ" ಎಂದು ಖಾಲಾ ನಮ್ಮ ಚೂರುಗಳನ್ನು ತಮ್ಮ ಅಂಗಳದ ಗೋಡೆಯ ಹಸಿ ಗಾರೆಗೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಬಣ್ಣ ಹೊಂದದಿದ್ದರೆ ಕಿತ್ತು ಮತ್ತೆ ಒತ್ತುವರು.

ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮರ ಆಡಳಿತ ಹೋದ ವಾರ, ರಜಾಕಾರರ ಮೇಲಿನ ಸೇಡಿನ ಹೆಸರಿನಲ್ಲಿ ಮುಸ್ಲಿಮರ ಮನೆಗಳ ಲೂಟಿಗೆ ಹೊರಟ ಗುಂಪೊಂದು ಅವರ ಬಾಗಿಲಿಗೆ ಬಂತು. ಖಾಲಾ ಒಬ್ಬರೇ ಒಳಗೆ ಅಗಳಿ ಹಾಕಿಕೊಂಡಿದ್ದರು. ಉಪ್ಪಿನಕಾಯಿ ಭರಣಿ ಒರೆಸುತ್ತಿದ್ದ ಅವ್ವ ಅದನ್ನು ಹಿಡಿದುಕೊಂಡೇ ಹೋಗಿ ಅಡ್ಡ ನಿಂತಳು.

"ಈ ಮನಿ ಗ್ವಾಡ್ಯಾಗ ನಮ್ಮ ಬಶಿ ಅದಾವ. ಗಲ್ಲಿ ಮಂದಿ ಎಲ್ಲಾರವೂ ಅದಾವ. ಮೊದಲ ಅವನ್ನ ಬಿಡಿಸಿಕೊಡ್ರಿ, ಆಮ್ಯಾಗ ಒಳಗ ಹೋಗ್ರಿ."

ಉಳಿದ ಮನೆಗಳ ಹೆಂಗಸರೂ ಬಂದು ಅವ್ವನ ಪಕ್ಕ ನಿಂತರು. ಗುಂಪಿನವನೊಬ್ಬ ಭರಣಿ ಕಸಿದು ನೆಲಕ್ಕೆ ಅಪ್ಪಳಿಸಿದ. ಆದರೂ ಹೆಂಗಸರು ಕದಲದಿದ್ದಾಗ ಗುಂಪಿನವರೆಲ್ಲ ಗೊಣಗುತ್ತ ಹೋದರು.

ಖಾಲಾ ಬಾಗಿಲು ತೆರೆದರು. ಈ ಸಲ ಸೆರಗೊಡ್ಡಲಿಲ್ಲ. ಅವ್ವನೇ ಕೂತು ಭರಣಿಯ ಚೂರುಗಳನ್ನು ಆರಿಸಿ ಅವರ ಕೈಗಿಟ್ಟಳು.

"ತಗೋರಿ ಆಪಾ, ಇದು ಹಳದಿ. ಎಲ್ಲಿ ಹೊಂದ್ತದ ನೋಡ್ರಿ."